ಉಚಿತ ಸಂಗೀತೋತ್ಸವದ ಹಳೆ ಪೋಸ್ಟರ್: ಟೇಪ್ ತೆಗೆಯಲೇ, ಬಟ್ಟೆಗೆ ಹಾಕಿಸಲೇ, ಇದ್ದ ಹಾಗೇ ಬಿಡಲೇ? ಅನುಭವ ಇದ್ದವರು ಹೇಳಿ

ಹಾಡುಹಕ್ಕಿ (ಪ್ರಶ್ನೆ):
ನಗರದ ಪಾರ್ಕಿನಲ್ಲಿ ಊರವರೇ ಸೇರಿ ನಡೆಸುತ್ತಿದ್ದ ಉಚಿತ ಸಂಗೀತೋತ್ಸವದ ಹಳೆ ಪೋಸ್ಟರ್ ಸಿಕ್ಕಿದೆ. ಅಗಲ 43, ಎತ್ತರ 56 ಸೆಂ.ಮೀ. ಕೆಂಪು, ಹಳದಿ, ಕಡುನೀಲಿ ಮೂರೇ ಬಣ್ಣ. "ಶನಿವಾರ, ಜುಲೈ 14, ಪ್ರವೇಶ ಉಚಿತ" ಅಂತಿದೆ, ಇಸವಿ ಇಲ್ಲ. ತಳದಲ್ಲಿ ಪ್ರಾಯೋಜಕರ ಲೋಗೋಗಳ ಸಾಲು. ನಾಲ್ಕಾಗಿ ಮಡಚಿಟ್ಟಿದ್ದರು, ಮಡಿಕೆಗಳು ಕೂಡುವಲ್ಲಿ 1 ಸೆಂ.ಮೀ. ತೂತು, ಮಡಿಕೆ ಗೆರೆಯುದ್ದಕ್ಕೂ ಬಣ್ಣ ಚಕ್ಕೆ ಎದ್ದಿದೆ. ನಾಲ್ಕು ಮೂಲೆಗೂ ಸೆಲ್ಲೋಟೇಪ್, ಎರಡು ಕಡೆ ಪ್ಲಾಸ್ಟಿಕ್ ಉದುರಿ ಕಂದು ಕಲೆ ಮಾತ್ರ ಉಳಿದಿದೆ. ಎಡಗಡೆ ಕೆಂಪು ಮಂಕಾಗಿದೆ. ಗೋಡೆಗೆ ಹಾಕಬೇಕು ಅಂತ ಆಸೆ. ಏನೇನು ಮಾಡಿಸಬೇಕು, ಏನು ಮಾಡಿಸಬಾರದು?

ಬಟ್ಟೆಬೆನ್ನು:
ಯೋಚನೆಯೇ ಬೇಡ, ಬಟ್ಟೆಗೆ ಹಾಕಿಸಿ, ಅಂದರೆ ಬೆನ್ನಿಗೆ ಬಟ್ಟೆ ಅಂಟಿಸಿ. ಸಿನಿಮಾ ಪೋಸ್ಟರ್ ಕೂಡಿಡುವವರೆಲ್ಲ ಮಾಡಿಸುವುದು ಅದನ್ನೇ. ನನ್ನ ಬಳಿ ಇರುವುದೂ ಇಂಥದೇ ಉಚಿತ ಕಛೇರಿಯ ಪೋಸ್ಟರ್, ತೆಳು ಕಾಗದ, ಎಂಟು ಮಡಿಕೆ. ಈಗ ಬೆಳಕಿಗೆ ಓರೆಯಾಗಿ ಹಿಡಿದರೂ ಮಡಿಕೆ ಕಾಣುವುದಿಲ್ಲ.

ಕ್ರಮ ಹೀಗೆ. ಚೌಕಟ್ಟಿಗೆ ಹತ್ತಿಯ ಕ್ಯಾನ್ವಾಸ್ ಬಿಗಿಯುತ್ತಾರೆ, ಅದರ ಮೇಲೆ ಗೋಧಿ ಪಿಷ್ಟದ ಅಂಟು, ಅದರ ಮೇಲೆ ಆಮ್ಲರಹಿತ ತೆಳು ಕಾಗದ. ಪೋಸ್ಟರಿನ ಬೆನ್ನಿಗೆ ನೀರು ಸಿಂಪಡಿಸಿ ಪೂರ್ತಿ ಹಿಗ್ಗಲು ಬಿಟ್ಟು, ಅಂಟು ಬಳಿದು, ನಡುವಿನಿಂದ ಅಂಚಿಗೆ ಬ್ರಷ್ ಎಳೆದು ಕೂರಿಸುತ್ತಾರೆ. ಚೌಕಟ್ಟಿನಲ್ಲೇ ಹಲವು ದಿನ ಒಣಗಬೇಕು, ಅವಸರಕ್ಕೆ ಬಿಚ್ಚಿದರೆ ಅಂಚು ಸುರುಳಿಯಾಗುತ್ತದೆ. ಕೊನೆಗೆ ಸುತ್ತ 4-5 ಸೆಂ.ಮೀ. ಬಟ್ಟೆ ಬಿಟ್ಟು ಕತ್ತರಿಸುತ್ತಾರೆ.

ಖರ್ಚಿನ ಮಾತು ಮೊದಲೇ ಬರೆಸಿಕೊಳ್ಳಿ. ಬಟ್ಟೆ ಹಾಕುವುದಕ್ಕೆ ಒಂದು ಬಿಲ್. ಟೇಪ್ ತೆಗೆಯುವುದಕ್ಕೆ ಬೇರೆ, ಅದೂ ಸೆಂಟಿಮೀಟರ್ ಲೆಕ್ಕದಲ್ಲಿ. ಮಡಿಕೆಗೆರೆಗೆ ಬಣ್ಣ ತುಂಬುವುದಕ್ಕೆ ಗಂಟೆ ಲೆಕ್ಕ. ತೂತು ಮುಚ್ಚುವುದು ಮತ್ತೆ ಪ್ರತ್ಯೇಕ. ಎಲ್ಲ ಕೂಡಿದಾಗ ಪೋಸ್ಟರಿಗೆ ಕೊಟ್ಟದ್ದರ ಎರಡರಷ್ಟಾಯಿತು. ಆದರೂ ಸರಿಯೇ. ಅಂಟು ನೀರಿನದು, ನಾಳೆ ಬೇಡವೆನಿಸಿದರೆ ನೆನೆಸಿ ಬಿಡಿಸಬಹುದು.

ಪರದೆಶಾಯಿ:
ಅದು ಯಾವ ಮುದ್ರಣ ಅಂತಲೇ ಗೊತ್ತಿಲ್ಲ, ಆಗಲೇ ನೀರಿಗಿಳಿಸುವ ಮಾತು. ಸ್ವಲ್ಪ ತಡೀರಿ ಸ್ವಾಮಿ.

ಮೂರೇ ಬಣ್ಣ, ಮಡಿಕೆಯಲ್ಲಿ ಚಕ್ಕೆ ಏಳುತ್ತಿದೆ ಅಂದರೆ ಬಹುಪಾಲು ಸ್ಕ್ರೀನ್ ಪ್ರಿಂಟ್ (ಜಾಲರಿಯ ಮೂಲಕ ಶಾಯಿ ಒತ್ತಿದ ಮುದ್ರಣ). ಆಫ್‌ಸೆಟ್‌ನಲ್ಲಿ (ರಬ್ಬರ್ ಉರುಳೆಯಿಂದ ಕಾಗದಕ್ಕೆ ದಾಟಿಸುವ ಯಂತ್ರಮುದ್ರಣ) ಶಾಯಿಯ ಪದರ ಬಲು ತೆಳು, ಮಡಿಕೆಯಲ್ಲಿ ಸವೆದು ಬಿಳಿಯಾಗುತ್ತದೆಯೇ ಹೊರತು ಹೀಗೆ ಚಕ್ಕೆ ಏಳುವುದು ಕಡಿಮೆ. ಸ್ಕ್ರೀನ್‌ನಲ್ಲಿ ಶಾಯಿ ಕಾಗದದ ಮೇಲೆ ದಪ್ಪಗೆ ಕೂತಿರುತ್ತದೆ. 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ಅಕ್ಷರದ ಅಂಚು ನೋಡಿ. ಜಾಲರಿಯ ಹಲ್ಲುಹಲ್ಲು ಅಂಚು ಕಂಡು ಬಣ್ಣ ಅಖಂಡವಾಗಿದ್ದರೆ ಸ್ಕ್ರೀನ್. ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ ಹೂವಿನ ಎಸಳಿನಂತೆ ಕೂತಿದ್ದರೆ ಆಫ್‌ಸೆಟ್. ಅಕ್ಷರ ಕಾಗದದೊಳಗೆ ಒತ್ತಿಕೊಂಡು, ಅಂಚಿನಲ್ಲಿ ಶಾಯಿ ಹಿಂಡಿ ನಿಂತ ಗೆರೆ ಕಂಡರೆ ಅಚ್ಚುಮೊಳೆ. ಕ್ರಮವೇ ಇಲ್ಲದ ಸಣ್ಣ ತುಂತುರು ಚುಕ್ಕಿ ಕಂಡರೆ ಇಂಕ್‌ಜೆಟ್, ಅಂದರೆ ಇತ್ತೀಚಿನ ನಕಲು. ಮಡಿಕೆಗೆರೆಯೇ ಚಿತ್ರದೊಳಗೆ ಅಚ್ಚಾಗಿದ್ದು, ಬೆರಳಾಡಿಸಿದರೆ ಕೈಗೆ ಸಿಗದಿದ್ದರೆ ಮೂಲದ್ದನ್ನು ಸ್ಕ್ಯಾನ್ ಮಾಡಿ ಹೊಡೆದದ್ದು.

ಈಗ ಬಟ್ಟೆಯ ವಿಷಯ. ನೆನೆದ ಕಾಗದ ನಾರಿನ ಅಡ್ಡ ದಿಕ್ಕಿಗೆ ಶೇಕಡಾ 1ರಿಂದ 2ರಷ್ಟು ಹಿಗ್ಗಬಲ್ಲದು. 43 ಸೆಂ.ಮೀ. ಅಗಲಕ್ಕೆ ಅದು ಸುಮಾರು 4ರಿಂದ 9 ಮಿ.ಮೀ. ದಪ್ಪ ಶಾಯಿಯ ಪದರ ಅಷ್ಟು ಹಿಗ್ಗುವುದಿಲ್ಲ. ಮೊದಲೇ ಬಿರುಕಿರುವ ಮಡಿಕೆಯಲ್ಲಿ ಚಕ್ಕೆ ಬಿಟ್ಟುಕೊಳ್ಳುತ್ತದೆ, ಬಿಟ್ಟ ಚಕ್ಕೆ ಬ್ರಷ್ಷಿಗೆ ಅಂಟಿ ಹೋಗುತ್ತದೆ. ಆಮೇಲೆ "ಬಣ್ಣ ತುಂಬುವುದಕ್ಕೆ ಗಂಟೆ ಲೆಕ್ಕ" ಬಿಲ್ ಬರುತ್ತದಲ್ಲ, ಅದು ಆ ಕೆಲಸವೇ ತಂದಿಟ್ಟ ಖರ್ಚು.

ಬಟ್ಟೆಬೆನ್ನು:
ನೋಡದ ಕೆಲಸದ ಬಗ್ಗೆ ತೀರ್ಪು ಬೇಡ ಸಾರ್. ನನ್ನದು ಆಫ್‌ಸೆಟ್, ಒಂದು ಚಕ್ಕೆಯೂ ಹೋಗಿಲ್ಲ. ಸ್ಕ್ರೀನ್ ಪ್ರಿಂಟ್ ಬಟ್ಟೆಗೆ ಹಾಕುವವರೂ ಇದ್ದಾರೆ. ಬಿರುಕಿದ ಗೆರೆಯನ್ನು ಮೊದಲು ಕಟ್ಟಿಕೊಂಡು, ಅಂದರೆ ಎದ್ದ ಚಕ್ಕೆಯನ್ನು ಅಂಟಿನಿಂದ ಕೂರಿಸಿಕೊಂಡು, ಆಮೇಲೆ ನೀರು ಹಾಕುತ್ತಾರೆ.

ಪರದೆಶಾಯಿ:
ನಿಮ್ಮದು ತೆಳು ಕಾಗದದ ಆಫ್‌ಸೆಟ್, ಕೇಳಿದವರದ್ದು ಸ್ಕ್ರೀನ್ ಇರಬಹುದು. ಅದನ್ನೇ ಹೇಳುತ್ತಿರುವುದು. ಸಿನಿಮಾ ಪೋಸ್ಟರಿನ ಸಂಪ್ರದಾಯವನ್ನು ಎಲ್ಲದಕ್ಕೂ ಎಳೆಯಬೇಡಿ. ಸಂಗೀತದ ಪೋಸ್ಟರ್ ಕೂಡಿಡುವವರು ದಪ್ಪ ಕಾಗದದ್ದಕ್ಕೆ ಬಟ್ಟೆ ಹಾಕಿದ್ದು ಕಂಡರೆ "ಏನು ಮುಚ್ಚಿಟ್ಟಿದ್ದಾರೆ" ಅಂತ ಮೊದಲು ಬೆನ್ನು ನೋಡುತ್ತಾರೆ. ಬೆನ್ನು ಕಾಣದ ಪೋಸ್ಟರಿಗೆ ಅರ್ಧ ಸಾಕ್ಷಿ ಹೋದ ಹಾಗೆ.

ಗಟ್ಟಿಹಲಗಿ:
ಏನ್ರೀ, ಎಲ್ಲಾರೂ ಬಟ್ಟಿ, ನೀರು, ಪಿಷ್ಟ ಅಂತ ಕುಂತೀರಿ. ಡ್ರೈ ಮೌಂಟ್ ಮಾಡಸ್ರಿ, ಕತಿ ಮುಗೀತು. ನಂದು ಹಂಗ ಮಾಡಿಸಿದ್ದೈತಿ. 5 ಮಿ.ಮೀ. ಫೋಮ್ ಬೋರ್ಡ್, ಅದರ ಮ್ಯಾಲೆ ಅಂಟಿನ ಟಿಶ್ಯೂ, ಅದರ ಮ್ಯಾಲೆ ಪೋಸ್ಟರ್, ಮ್ಯಾಲೆ ಸಿಲಿಕೋನ್ ಕಾಗದ. ಹೀಟ್ ಪ್ರೆಸ್ಸಿನ್ಯಾಗ 80ರಿಂದ 90 ಡಿಗ್ರಿ, ಒಂದೆರಡು ನಿಮಿಷ, ಆಮ್ಯಾಲೆ ತಣ್ಣಗಾಗೂತನಾ ಭಾರ ಇಡೂದು. ಒಂದು ಮಾತು ಮರೀಬ್ಯಾಡ್ರಿ: ಅಂಟಸೂಕಿಂತ ಮೊದಲ ಬರೀ ಪೋಸ್ಟರ್ ಒಂದನ್ನ ಪ್ರೆಸ್ಸಿನ್ಯಾಗ ಅರ್ಧ ನಿಮಿಷ ಇಟ್ಟು ಹಸಿ ತಗೀಬೇಕು. ಇಲ್ಲಾಂದ್ರ ಆವಿ ಒಳಗ ಸಿಕ್ಕೊಂಡು ಗುಳ್ಳಿ ಏಳ್ತಾವ, ಗುಳ್ಳಿ ಮತ್ತ ಕೂರೂದಿಲ್ಲ. ಒಂದ ದಿನದ ಕೆಲಸ. ಬಟ್ಟೀದ್ದಕ್ಕ ಹೋಲಿಸಿದ್ರ ಖರ್ಚು ಕಾಲುಭಾಗನೂ ಇಲ್ಲ.

ಪರದೆಶಾಯಿ:
ಆ ಪೋಸ್ಟರ್ ಇನ್ನು ಮೇಲೆ ಫೋಮ್ ಬೋರ್ಡಿನ ಭಾಗ. ಹಲಗೆ ಹಳದಿಯಾದರೂ ಅದರ ಜೊತೆಗೇ ಇರಬೇಕು, ಬಾಗಿದರೂ ಜೊತೆಗೇ ಬಾಗಬೇಕು. ಮೇಲಾಗಿ ದಪ್ಪ ಶಾಯಿಗೆ 90 ಡಿಗ್ರಿ ಶಾಖ ಮತ್ತು ಒತ್ತಡ ಕೊಟ್ಟರೆ ಮೆತ್ತಗಾಗಿ ಸಿಲಿಕೋನ್ ಕಾಗದದ ಹೊಳಪನ್ನೇ ಅಚ್ಚು ಹಿಡಿದುಬಿಡುತ್ತದೆ. ಹೊಳಪಿಲ್ಲದಿದ್ದ ಬಣ್ಣ ತೇಪೆ ತೇಪೆಯಾಗಿ ಹೊಳೆಯುತ್ತದೆ.

ಗಟ್ಟಿಹಲಗಿ:
ಬಿಡಿಸಬಹುದಾದ ಟಿಶ್ಯೂನೂ ಬರ್ತೈತ್ರಿ, ಮತ್ತ ಕಾಯಿಸಿದ್ರ ಬಿಡ್ತೈತಿ. ಎಲ್ಲಾ ಗೊತ್ತೈತಿ ಅನ್ನೋರು ಅದನ್ನ ಯಾಕ ಹೇಳಂಗಿಲ್ಲ? ಗ್ವಾಡಿಗಿ ಹಾಕಾಕ ಕೇಳ್ಯಾರ, ಮ್ಯೂಸಿಯಮ್ಮಿಗಲ್ಲ.

ಪರದೆಶಾಯಿ:
ಬಿಡುತ್ತದೆ, ಅರ್ಧ ಅಂಟು ಕಾಗದದ ನಾರಿನೊಳಗೇ ಉಳಿಸಿ. ಬಿಡಿಸುವಾಗ ಮತ್ತೆ ಅಷ್ಟೇ ಶಾಖ ಬೇಕು. ಮಡಿಕೆ ಬಿರುಕಿರುವ ಪೋಸ್ಟರಿಗೆ ಎರಡನೇ ಸಲ ಶಾಖ ಕೊಟ್ಟು ಸಿಪ್ಪೆ ಸುಲಿಯುವ ಧೈರ್ಯ ನಿಮಗಿದ್ದರೆ ಇರಲಿ.

ಅಂಟುನಂಟು:
ಟೇಪ್ ತೆಗೆಯುವುದು ಹೇಗೆ ಅಂತ ಯಾರೂ ಒಂದು ಸಾಲೂ ಬರೆಯಲಿಲ್ಲ ಮಾರಾಯ್ರೆ, ಇಲ್ಲಿ ನಿಜವಾದ ಕೆಲಸ ಇರುವುದೇ ಅಲ್ಲಿ. ಬಟ್ಟೆಯೋ ಫ್ರೇಮೋ ಆಮೇಲೆ. ಟೇಪ್ ಬಿಟ್ಟು ಫ್ರೇಮ್ ಹಾಕಿದರೆ ಅಂಟು ಒಳಗೇ ಹರಿಯುತ್ತಾ ಇರುತ್ತದೆ.

ನಿಮ್ಮ ಟೇಪ್ ಹಳೆಯ ರಬ್ಬರ್ ಅಂಟಿನದು. ಅದಕ್ಕೆ ಮೂರು ಹಂತ. ಮೊದಲು ಅಂಟು ಮೆತ್ತಗಾಗಿ ಜಿನುಗುತ್ತದೆ, ಕಾಗದದೊಳಗೆ ಇಳಿದು ಎಣ್ಣೆ ಬಿದ್ದಂತೆ ಪಾರದರ್ಶಕ ಮಾಡುತ್ತದೆ. ಆಮೇಲೆ ಆಕ್ಸಿಡೈಸ್ ಆಗಿ ಹಳದಿ, ಕಂದು. ಕೊನೆಗೆ ಗಟ್ಟಿಯಾಗಿ ಪ್ಲಾಸ್ಟಿಕ್ ತಾನಾಗೇ ಉದುರುತ್ತದೆ. ಪ್ಲಾಸ್ಟಿಕ್ ಇನ್ನೂ ಇರುವ ಎರಡು ಮೂಲೆ ಸುಲಭ, ಉದುರಿದ ಎರಡು ಕಷ್ಟ. 1960ರ ದಶಕದ ಶುರುವಿನಿಂದ ಬಂದ ಮಂಜುಮಂಜಾದ ಅಕ್ರಿಲಿಕ್ ಟೇಪ್ ಆಗಿದ್ದರೆ ಇಷ್ಟು ಹಳದಿ ತಿರುಗುತ್ತಿರಲಿಲ್ಲ. ಆದರೆ ಅದರ ಅಂಟು ಬಿಡಿಸುವುದು ಇನ್ನೊಂದು ತಲೆನೋವು.

ಇರುವ ಪ್ಲಾಸ್ಟಿಕ್‌ಗೆ ಬಿಸಿ ಸ್ಪಾಚುಲಾ, ಇಲ್ಲದಿದ್ದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ 15 ಸೆಂ.ಮೀ. ದೂರದಿಂದ. ಒಂದು ಮೂಲೆ ಎದ್ದ ಕೂಡಲೇ ಮೇಲಕ್ಕೆ ಎಳೆಯಬೇಡಿ. ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ಕಾಗದಕ್ಕೆ ಸಮಾನಾಂತರವಾಗಿ, ಒಂದೊಂದು ಮಿಲಿಮೀಟರ್. ಮೇಲಕ್ಕೆ ಎಳೆದರೆ ಕಾಗದದ ಮೇಲ್ಪದರವೂ ಬರುತ್ತದೆ. ಉಳಿದ ಜಿಗುಟಿಗೆ ಕ್ರೇಪ್ ರಬ್ಬರ್ ತುಂಡಿನಿಂದ ಒಂದೇ ದಿಕ್ಕಿಗೆ ಉರುಳಿಸಿ ತೆಗೆಯುವುದು, ಉಜ್ಜುವುದಲ್ಲ.

ಕಂದು ಕಲೆಗೆ ದ್ರಾವಕ ಬೇಕು, ಈಥೈಲ್ ಅಸಿಟೇಟ್ ಅಥವಾ ಅಸಿಟೋನ್. ಇಲ್ಲೇ ಎಲ್ಲರೂ ಕೆಡಿಸುವುದು. ಹತ್ತಿಯಲ್ಲಿ ಅದ್ದಿ ಒರೆಸಿದರೆ ಕರಗಿದ ಅಂಟು ಆಚೆ ಹರಡಿ, ದ್ರಾವಕ ನಿಂತ ಕಡೆ ಕಂದು ಕರೆಗೆರೆ ಬೀಳುತ್ತದೆ. ಆ ಗೆರೆ ಮೂಲ ಕಲೆಗಿಂತ ಕಣ್ಣಿಗೆ ಹೊಡೆಯುತ್ತದೆ. ಕೆಳಗೆ ಬ್ಲಾಟಿಂಗ್ ಕಾಗದ ಇಟ್ಟು, ಬೆನ್ನಿನಿಂದ ಸಣ್ಣ ಬ್ರಷ್‌ನಲ್ಲಿ ಹನಿ ಹನಿ ಹಾಕಿ, ಬ್ಲಾಟರ್ ಹೀರಿದ ಕೂಡಲೇ ಹೊಸ ಜಾಗಕ್ಕೆ ಸರಿಸುತ್ತಾ ಹೋಗಬೇಕು. ಕಿಟಕಿ ತೆಗೆದಿಟ್ಟು, ಒಲೆ ದೀಪ ಹತ್ತಿರ ಇಲ್ಲದೆ. ಕಲೆ ಶೇಕಡಾ ನೂರು ಹೋಗುವುದಿಲ್ಲ. ಅಂಟು ಹೊರಬಿದ್ದು ಹರಿಯುವುದು ನಿಂತರೆ ಕೆಲಸ ಗೆದ್ದಿರಿ.

ಪರದೆಶಾಯಿ:
ಅಸಿಟೋನ್ ಅಂತ ಸಲೀಸಾಗಿ ಬರೆದುಬಿಟ್ಟಿರಿ. ಹಳೆ ಸ್ಕ್ರೀನ್ ಶಾಯಿಗಳಲ್ಲಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಇದ್ದವೂ ಇವೆ. ಅಸಿಟೋನ್ ಮುಟ್ಟಿದ ಕ್ಷಣ ಬಣ್ಣವೇ ಕರಗಿ ಬ್ಲಾಟರಿಗೆ ಬರುತ್ತದೆ. ಮೂಲೆಯವರೆಗೂ ಬಣ್ಣ ಇದೆಯೋ, ಬಿಳಿ ಅಂಚಿದೆಯೋ ಕೇಳಿದಿರಾ?

ಅಂಟುನಂಟು:
ಹನಿಪರೀಕ್ಷೆ ಮಾಡದೆ ದ್ರಾವಕ ಹಾಕುವವರಿಗೆ ಇಷ್ಟುದ್ದ ಬರೆಯುವ ಅಗತ್ಯವೇ ಇರಲಿಲ್ಲ, ಅದು ಗೊತ್ತಿರುವವರ ನಡುವಿನ ಮಾತು ಅಂದುಕೊಂಡೆ. ಬಿಡಿಸಿಯೇ ಬರೆಯುತ್ತೇನೆ, ಆಗಬಹುದಾ? ಪ್ರತಿ ಬಣ್ಣದ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ, ಸೂಜಿ ಮೊನೆಯ ಹನಿ. ಅರ್ಧ ನಿಮಿಷ ಬಿಟ್ಟು ಬಿಳಿ ಬ್ಲಾಟರ್ ಒತ್ತುವುದು. ಮೊದಲು ಭಟ್ಟಿ ಇಳಿಸಿದ ನೀರು, ಅದು ಒಣಗಿದ ಮೇಲೆ ದ್ರಾವಕ, ಎರಡಕ್ಕೂ ಬೇರೆ ಬೇರೆ ಜಾಗ. ಬ್ಲಾಟರಿಗೆ ಸ್ವಲ್ಪವೇ ಬಣ್ಣ ಬಂದರೂ ಆ ದ್ರವ ಆ ಬಣ್ಣಕ್ಕಿಲ್ಲ.

ಬಟ್ಟೆಬೆನ್ನು:
ಬಟ್ಟೆ ಹಾಕುವವರೂ ಇದೇ ಪರೀಕ್ಷೆ ಮಾಡಿಯೇ ಶುರು ಮಾಡುತ್ತಾರೆ. ಇದನ್ನೇನೂ ಈ ತಂಡದವರು ಕಂಡುಹಿಡಿದದ್ದಲ್ಲ.

ಚೌಕಟ್ಟು:
ಗೋಡೆಗೆ ಹಾಕುವುದು ಹೇಗೆ ಅಂತ ಕೇಳಿದ್ದಾರೆ, ಅದಕ್ಕೆ ಬರೋಣ.

ಎಡಗಡೆ ಕೆಂಪು ಮಂಕಾಗಿದೆ ಅಂದರೆ ಒಂದು ಕಡೆಯಿಂದ ಬೆಳಕು ಬಿದ್ದಿದೆ. ಟೇಪ್, ಮಡಿಕೆ, ತೂತು ಎಲ್ಲಕ್ಕೂ ಏನಾದರೊಂದು ಮಾಡಬಹುದು, ಹೋದ ಬಣ್ಣ ಮಾತ್ರ ಬರುವುದಿಲ್ಲ. ಬೆಳಕಿನ ಪೆಟ್ಟು ಲಕ್ಸ್ (ಬೀಳುವ ಬೆಳಕಿನ ಅಳತೆ) ಗುಣಿಸು ಗಂಟೆ. ಮ್ಯೂಸಿಯಂಗಳು ಕಾಗದಕ್ಕೆ ಇಡುವ 50 ಲಕ್ಸ್, ದಿನಕ್ಕೆ 8 ಗಂಟೆ ಅಂದರೆ ವರ್ಷಕ್ಕೆ 1,46,000 ಲಕ್ಸ್-ಗಂಟೆ. ಮನೆಯ ಹಾಲಿನಲ್ಲಿ 200 ಲಕ್ಸ್, 12 ಗಂಟೆ ಅಂದರೆ 8,76,000. ನೇರ ಆರು ಪಟ್ಟು. ಯುವಿ ತಡೆಯುವ ಗಾಜು ಹಾಕಿಸಿದ ಮೇಲೆ ಕಿಟಕಿ ಎದುರು ತೂಗುಹಾಕುವವರು ತಿಳಿಯಬೇಕಾದ್ದು: ಅದು ತಡೆಯುವುದು ಯುವಿಯನ್ನು ಮಾತ್ರ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಪೋಸ್ಟರಿನಲ್ಲಿ ಫ್ಲೋರೊಸೆಂಟ್ ಶಾಯಿ ಇದ್ದರಂತೂ ಗೋಡೆಯ ಮಾತೇ ಬೇಡ, ಅದು ಎಲ್ಲಕ್ಕಿಂತ ಮೊದಲು ಹೋಗುತ್ತದೆ.

ಫ್ರೇಮ್: ಪೋಸ್ಟರಿಗೂ ಗಾಜಿಗೂ ನಡುವೆ ಕನಿಷ್ಠ 5 ಮಿ.ಮೀ. ಅಂತರ. ಒಂದೇ ಪದರದ ಮ್ಯಾಟ್ (ಪೋಸ್ಟರಿನ ಸುತ್ತ ಕೂರಿಸುವ ರಟ್ಟಿನ ಅಂಚು) 1.5 ಮಿ.ಮೀ. ಅಷ್ಟೆ, ಈ ಅಳತೆಯ ಕಾಗದ ಮಳೆಗಾಲದಲ್ಲಿ ಅಲೆಯೆದ್ದರೆ ಗಾಜಿಗೆ ತಾಗುತ್ತದೆ. ತಾಗಿದ ದಪ್ಪ ಶಾಯಿ ಗಾಜಿಗೇ ಅಂಟಿಕೊಂಡು ನಿಲ್ಲುತ್ತದೆ. ಹಾಗಾಗಿ ಎರಡು ಮ್ಯಾಟ್ ಅಥವಾ ಸ್ಪೇಸರ್ ಪಟ್ಟಿ. ಕಟ್ಟುವುದು ಮೇಲಂಚಿಗೆ ಮಾತ್ರ, ಎರಡು ಹಿಂಜ್ (ಪೋಸ್ಟರನ್ನು ಹಿಂದಿನ ಹಲಗೆಗೆ ತೂಗುಹಾಕುವ ಪಟ್ಟಿ), ಜಪಾನಿ ಟಿಶ್ಯೂ ಮತ್ತು ಪಿಷ್ಟದ ಅಂಟು. ತಳ ಮತ್ತು ಪಕ್ಕ ತೇಲಬೇಕು. ಹಿಂಜ್ ಪೋಸ್ಟರಿಗಿಂತ ಬಲಹೀನ ಇರಬೇಕು. ಫ್ರೇಮ್ ಬಿದ್ದರೆ ಹಿಂಜ್ ಹರಿಯಲಿ, ಪೋಸ್ಟರ್ ಅಲ್ಲ. ಫ್ರೇಮಿನೊಳಗೆ ಹಲಗೆಗಳ ಸುತ್ತ 2-3 ಮಿ.ಮೀ. ಸಡಿಲ ಬಿಡಿ. ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಬುಟು, ಗಾಳಿಯಾಡಲು. ಮಳೆಗೆ ನೆನೆಯುವ ಹೊರಗೋಡೆ ಬೇಡ.

ಬಿಲ್ಲಿನಲ್ಲಿ ಹೆಚ್ಚು ಹೋಗುವುದು ಗ್ಲೇಜಿಂಗ್‌ಗೆ, ಅಂದರೆ ಮುಂದಿನ ಗಾಜು ಅಥವಾ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆಗೆ. ಯುವಿ ಅಕ್ರಿಲಿಕ್ ತಗೊಳ್ಳಿ. 60 × 75 ಸೆಂ.ಮೀ. ಫ್ರೇಮಿಗೆ 2 ಮಿ.ಮೀ. ಗಾಜು 2.25 ಕೆ.ಜಿ. ತೂಗುತ್ತದೆ, 3 ಮಿ.ಮೀ. ಅಕ್ರಿಲಿಕ್ 1.6 ಕೆ.ಜಿ. ಒಡೆದರೂ ಚೂರು ಪೋಸ್ಟರನ್ನು ಕುಯ್ಯುವುದಿಲ್ಲ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಮಾತ್ರ ಅದಕ್ಕೆ ತಾಗಿಸಬೇಡಿ, ಮಂಜಾಗುತ್ತದೆ.

ಪರದೆಶಾಯಿ:
ಅಕ್ರಿಲಿಕ್‌ಗೆ ಸ್ಥಿರವಿದ್ಯುತ್ ಇದೆ. ಮಡಿಕೆಯಲ್ಲಿ ಚಕ್ಕೆ ಎದ್ದಿರುವ ಶಾಯಿಯ ಎದುರಿಗೆ ಅದನ್ನಿಟ್ಟು ಬಟ್ಟೆಯಿಂದ ಒರೆಸಿದರೆ ಚಕ್ಕೆಗಳು ಹಾರಿ ಅದರ ಒಳಮೈಗೆ ಕೂರುತ್ತವೆ. ಇಲ್ಲಿ ಯುವಿ ಗಾಜೇ ಸರಿ, ಅಥವಾ ಸ್ಥಿರವಿದ್ಯುತ್ ಕಳೆದ ಅಕ್ರಿಲಿಕ್.

ಚೌಕಟ್ಟು:
ಸ್ಥಿರವಿದ್ಯುತ್ ಕಳೆದ ಅಕ್ರಿಲಿಕ್ ಸಾಮಾನ್ಯ ಅಕ್ರಿಲಿಕ್‌ಗಿಂತ ಎಷ್ಟು ದುಬಾರಿ ಅಂತ ವಿಚಾರಿಸಿ ಆಮೇಲೆ ಬರೆಯಿರಿ. ಮೊದಲು ಚಕ್ಕೆ ಕಟ್ಟಿಕೊಂಡರೆ ಈ ಪ್ರಶ್ನೆಯೇ ಬರುವುದಿಲ್ಲ. ಅಲ್ಲದೆ ಗಾಜು ಬೇಗ ತಣ್ಣಗಾಗುತ್ತದೆ, ತೇವದ ದಿನ ಒಳಗೆ ಹನಿ ಕಟ್ಟುತ್ತದೆ.

ಪರದೆಶಾಯಿ:
ಅಂತರ 5 ಮಿ.ಮೀ. ಇಟ್ಟಿದ್ದೀರಲ್ಲ, ಹನಿ ಕಟ್ಟಿದರೂ ಪೋಸ್ಟರಿಗೆ ತಾಗದಿರಲಿ ಅಂತಲೇ ಅಲ್ಲವೇ ಅದು?

ಇಸವಿಬೇಟೆ:
ಜಗಳ ನಡೀಲಿ. ಇಸವಿ ಯಾರೂ ನೋಡಲಿಲ್ಲ, ನಾನು ಹೇಳುತ್ತೇನೆ. ಹಳೆ ಪೋಸ್ಟರ್ ಅಂದಿದ್ದಕ್ಕೆ 1960ರಿಂದ 2001ರವರೆಗೆ ಮಾತ್ರ ನೋಡಿದೆ: ಜುಲೈ 14 ಶನಿವಾರ ಬಂದದ್ದು 1962, 1973, 1979, 1984, 1990, 2001. ಲೀಪ್ ವರ್ಷಗಳಿಂದಾಗಿ ಅಂತರ 5, 6, 11 ಹೀಗೇ ಕುಣಿಯುತ್ತದೆ. ಈ ಆರರಲ್ಲಿ ಒಂದು. ಇನ್ನು ಕಳೆಯುತ್ತಾ ಹೋಗಿ. ವೆಬ್ ವಿಳಾಸ ಇದ್ದರೆ ಇವುಗಳಲ್ಲಿ 2001 ಮಾತ್ರ. ಪ್ರಾಯೋಜಕರ ಲೋಗೋ ಯಾವ ವರ್ಷದ ವಿನ್ಯಾಸ, ಫೋನ್ ನಂಬರಿನಲ್ಲಿ ಎಷ್ಟು ಅಂಕಿ, ಅಂಚೆ ಸಂಕೇತ ಇದೆಯೇ, ಇವು ಒಂದೊಂದೂ ಒಂದೆರಡು ಇಸವಿ ಹೊಡೆದುಹಾಕುತ್ತವೆ. ಉತ್ಸವ ಯಾವಾಗ ಶುರುವಾಯಿತು ಅನ್ನುವುದೂ ಗಡಿ: ಶಿಕಾಗೋದ ಉಚಿತ ಬ್ಲೂಸ್ ಉತ್ಸವ ಶುರುವಾದದ್ದು 1984ರಲ್ಲಿ, ಅದರ ಪೋಸ್ಟರ್ 1979ರದ್ದು ಅಂತ ಯಾರಾದರೂ ಮಾರಿದರೆ ಮುಂದೆ ನೋಡುವುದೇ ಬೇಡ. ದಿನಾಂಕ ಕದಲದ ಹಬ್ಬಕ್ಕೆ ಇದು ಇನ್ನೂ ಸುಲಭ. 1982ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಫೆತ್ ದ ಲಾ ಮ್ಯೂಸಿಕ್ ಪ್ರತಿ ವರ್ಷ ಜೂನ್ 21ಕ್ಕೇ ಬರುತ್ತದೆ. ವಾರ ಬರೆದಿದ್ದರೆ ಸಾಕು, ಮೊದಲ ವರ್ಷದ್ದು ಸೋಮವಾರ.

ಯುವಿ ಟಾರ್ಚ್ ಕೂಡ ಹಿಡಿಯಿರಿ. ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಎದ್ದು ಕಾಣಿಸುವ ಹೊಳಪು ರಾಸಾಯನಿಕ ಇದೆ; ಕಾಗದಕ್ಕೆ ಅದು ವ್ಯಾಪಕವಾಗಿ ಬಂದದ್ದು 1950ರ ಸುಮಾರಿನಿಂದ. ಹಾಗಾಗಿ ನಿಮ್ಮ ಆರು ಇಸವಿಗೆ ಇದರಿಂದ ತೀರ್ಮಾನವಾಗುವುದಿಲ್ಲ. ಆದರೆ ಕಾಗದವೆಲ್ಲ ಹೊಳೆದು ಒಂದು ಜಾಗ ಮಾತ್ರ ಕಪ್ಪಗೆ ಸತ್ತಂತೆ ಕಂಡರೆ ಅಲ್ಲಿ ಯಾರೋ ಬ್ಲೀಚ್ ಹಾಕಿರಬಹುದು, ಅಥವಾ ಬೇರೆ ಕಾಗದದ ತೇಪೆ ಇರಬಹುದು.

ಬಟ್ಟೆಬೆನ್ನು:
1968ಕ್ಕೂ ಶನಿವಾರ ಬರುವುದಿಲ್ಲವೇ? ಆರು ವರ್ಷದ ಲೆಕ್ಕಕ್ಕೆ 1962 ಆದ ಮೇಲೆ 1968.

ಇಸವಿಬೇಟೆ:
ಬರುವುದಿಲ್ಲ. ನಡುವೆ 1964, 1968 ಎರಡು ಲೀಪ್ ವರ್ಷ. 1968ರ ಜುಲೈ 14 ಭಾನುವಾರ. 1967ರದ್ದು ಶುಕ್ರವಾರ. ಲೀಪ್ ದಿನ ಶನಿವಾರವನ್ನು ಹಾರಿಸಿಬಿಟ್ಟಿತು, ಅದಕ್ಕೇ 11 ವರ್ಷದ ಅಂತರ.

ಪಡಿಯಚ್ಚು:
ಗೋಡೆಗೆ ಮೂಲದ್ದೇ ಏಕೆ ಬೇಕು? ಪ್ರತಿ ತೆಗೆದು ಅದನ್ನು ತೂಗುಹಾಕಿ, ಮೂಲದ್ದನ್ನು ಕತ್ತಲಲ್ಲಿಡಿ. 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) ಈ ಅಳತೆಯದು 5079 × 6614 ಪಿಕ್ಸೆಲ್, ಸುಮಾರು 33.6 ಮೆಗಾಪಿಕ್ಸೆಲ್. ಎ3 ಸ್ಕ್ಯಾನರ್ ಗಾಜು 29.7 × 42 ಸೆಂ.ಮೀ., ನಿಮ್ಮ ಪೋಸ್ಟರ್ ಅಗಲ 43. ಆ ಒಂದು ಸೆಂಟಿಮೀಟರಿಗಾಗಿ ಎರಡರ ಬದಲು ನಾಲ್ಕು ಸ್ಕ್ಯಾನ್ ಮಾಡಿ ಹೊಲಿಯಬೇಕು. ಎತ್ತರದಲ್ಲಿ ಅತಿಕ್ರಮ 3.4 ಸೆಂ.ಮೀ. ಅಷ್ಟೇ ಸಿಗುತ್ತದೆ, ಓರೆಯಾದರೆ ಹೊಲಿಗೆ ಕೂಡುವುದಿಲ್ಲ. ಮುಚ್ಚಳ ಒತ್ತಿದರೆ ಚಕ್ಕೆ ಬೇರೆ ಹೋಗುತ್ತದೆ. ಕ್ಯಾಮೆರಾ ಮೇಲು: ಎರಡು ದೀಪ ಎರಡೂ ಕಡೆ 45 ಡಿಗ್ರಿಯಲ್ಲಿ, ದೀಪಕ್ಕೂ ಲೆನ್ಸಿಗೂ ಪೋಲರೈಸರ್ ಅಡ್ಡಡ್ಡ ಇಟ್ಟರೆ ಶಾಯಿಯ ಹೊಳಪು ಸಾಯುತ್ತದೆ, ಪಕ್ಕದಲ್ಲೊಂದು ಬಣ್ಣದ ಪಟ್ಟಿ. ಮಂಕಾದ ಕೆಂಪನ್ನು ಪ್ರತಿಯಲ್ಲಿ ಸರಿಪಡಿಸಿ, ಮೂಲಕ್ಕೆ ಸ್ಕೆಚ್ ಪೆನ್ ಹಿಡಿಯುವುದಕ್ಕಿಂತ ಸಾವಿರ ಪಾಲು ಮೇಲು.

ಮೂಲದ್ದಕ್ಕೆ ಪಾಲಿಯೆಸ್ಟರ್ ಹಾಳೆಯ ಕವರ್, ಮಟ್ಟಸವಾಗಿ. ಪಿವಿಸಿ ಕವರ್ ಬೇಡವೇ ಬೇಡ, ಅದರ ಪ್ಲಾಸ್ಟಿಸೈಸರ್ ಜಿನುಗಿ ಶಾಯಿ ಎತ್ತಿಕೊಳ್ಳುತ್ತದೆ. ತೇವಾಂಶ 35ರಿಂದ 50 ಶೇಕಡಾ. 65 ದಾಟಿದರೆ ಬೂಷ್ಟು.

ಗಟ್ಟಿಹಲಗಿ:
ಝೆರಾಕ್ಸ್ ಹಚ್ಚಿ ನೋಡೂದಾದ್ರ ಮೂಲ ಯಾಕ ತಗೋಬೇಕ್ರಿ? ಕತ್ತಲದಾಗ ಇಟ್ಟು ಯಾರಿಗಿ ತೋರಸ್ತೀರಿ?

ಪಡಿಯಚ್ಚು:
ಫೋಮ್ ಬೋರ್ಡಿಗೆ ಸುಟ್ಟು ಅಂಟಿಸಿದವರು ಮೂಲದ ಬಗ್ಗೆ ಪಾಠ ಮಾಡಬೇಡಿ.

ಅಂಟುನಂಟು:
ನಡುವಿನ ತೂತು ಎಲ್ಲರೂ ಮರೆತಿರಿ. ಅದಕ್ಕೆ ಮೊದಲು ಪೋಸ್ಟರ್ ಮಟ್ಟಸವಾಗಬೇಕು. ಮುಚ್ಚಳದ ಟ್ರೇ, ತಳದಲ್ಲಿ ಒದ್ದೆ ಬ್ಲಾಟರ್, ಅದರ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಪೋಸ್ಟರ್. ನೀರು ತಾಗುವುದಿಲ್ಲ, ಆವಿ ಮಾತ್ರ. ಎರಡು ಗಂಟೆ ಸಾಕು, ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿ. ಮೆತ್ತಗಾದ ಮೇಲೆ ಮಡಿಕೆ ಬಿಡಿಸಿ, ಎರಡೂ ಬದಿಗೆ ನೇಯದ ಪಾಲಿಯೆಸ್ಟರ್ ಬಟ್ಟೆ, ಆಚೆ ಬ್ಲಾಟರ್, ಮೇಲೆ ಭಾರ. ಬ್ಲಾಟರನ್ನು ಅರ್ಧ ಗಂಟೆಗೆ, ಮತ್ತೆ ಎರಡು ಗಂಟೆಗೆ ಬದಲಿಸಿ ಒಂದು ದಿನ ಬಿಡಿ. ಮರುದಿನಕ್ಕೂ ಟ್ರೇಯಲ್ಲೇ ಬಿಡುವವರು ಬೂಷ್ಟು ಸಾಕುತ್ತಿದ್ದಾರೆ ಅಂತಲೇ ಲೆಕ್ಕ. ಕಾಗದ ಹೊಳಪು ಲೇಪನದ್ದಾದರೆ ಈ ಕೆಲಸಕ್ಕೂ ಕೈ ಹಾಕಬೇಡಿ, ಲೇಪನ ಒದ್ದೆಯಾದರೆ ಪಕ್ಕದ್ದಕ್ಕೆ ಅಂಟಿ ಕಲ್ಲಾಗುತ್ತದೆ.

ತೂತಿಗೆ ಪೋಸ್ಟರಿನಷ್ಟೇ ದಪ್ಪದ ಕಾಗದದ ತುಣುಕು, ಹಿಂದೆ 10 ಜಿಎಸ್‌ಎಂ (ಚದರ ಮೀಟರಿಗೆ 10 ಗ್ರಾಂ) ಸುಮಾರಿನ ಕೋಜೊ ಟಿಶ್ಯೂ, ಅಂದರೆ ಉದ್ದ ನಾರಿನ ತೆಳು ಜಪಾನಿ ಕಾಗದ. ಟಿಶ್ಯೂವನ್ನು ಕತ್ತರಿಯಲ್ಲಿ ಕತ್ತರಿಸಬಾರದು. ನೀರಿನ ಗೆರೆ ಎಳೆದು ಹರಿದರೆ ಅಂಚಿಗೆ ನಾರು ಉಳಿಯುತ್ತದೆ, ಹಿಡಿತ ಅಲ್ಲಿಂದಲೇ. ಅಂಟು: ಒಂದು ಪಾಲು ಗೋಧಿ ಪಿಷ್ಟ, ನಾಲ್ಕು ಪಾಲು ನೀರು, ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ 30-40 ನಿಮಿಷ ತಿರುವಿ, ಆರಿಸಿ, ಸಣ್ಣ ಜರಡಿಯಲ್ಲಿ ಎರಡು ಮೂರು ಸಲ ಉಜ್ಜಿ, ಆಮೇಲೆ ನೀರು ಸೇರಿಸಿ ಬ್ರಷ್‌ನಿಂದ ತೊಟ್ಟಿಕ್ಕದ ಹದಕ್ಕೆ ತರುವುದು. ಬಣ್ಣ ಹಚ್ಚುವುದಿದ್ದರೆ ಆ ತುಣುಕಿಗೆ ಮಾತ್ರ, ಮೂಲ ಶಾಯಿಗೆ ಅಲ್ಲ.

ಗಟ್ಟಿಹಲಗಿ:
ಮೈದಾ ಕುದಿಸಿ ಚೂರು ಮೈಲುತುತ್ತ ಹಾಕಿದ್ರ ಹುಳಾನೂ ಬರಂಗಿಲ್ಲ. ಗ್ವಾಡಿ ಪೋಸ್ಟರ್ ಹಚ್ಚೋರೆಲ್ಲಾ ಅದನ್ನ ಮಾಡ್ತಿದ್ರು.

ಅಂಟುನಂಟು:
ಗೋಡೆಗೆ ಹಚ್ಚುವವರಿಗೆ ಅದು ಹದಿನೈದು ದಿನ ನಿಂತರೆ ಸಾಕಿತ್ತು ಮಾರಾಯ್ರೆ. ಮೈದಾದಲ್ಲಿ ಗ್ಲುಟೆನ್ ಇದೆ, ಒಣಗಿ ಗಟ್ಟಿಯಾಗುತ್ತದೆ, ಹುಳವನ್ನೂ ಕರೆಯುತ್ತದೆ. ಮೈಲುತುತ್ತದಲ್ಲಿರುವುದು ತಾಮ್ರ, ಅದು ಕಾಗದದ ಸೆಲ್ಯುಲೋಸ್ ಆಕ್ಸಿಡೈಸ್ ಆಗುವುದನ್ನು ಚುರುಕು ಮಾಡುತ್ತದೆ. ತೇಪೆ ಹಾಕಿದ ಕಡೆಯೇ ಕಂದಾಗಿ ಮುರಿಯುತ್ತದೆ.

ಹಾಡುಹಕ್ಕಿ:
ಎಲ್ಲರಿಗೂ ವಂದನೆ. 10 ಪಟ್ಟಿನ ಲೂಪ್‌ನಲ್ಲಿ ನೋಡಿದೆ. ಚಿತ್ರ, ದೊಡ್ಡ ಅಕ್ಷರ ಎಲ್ಲ ಅಖಂಡ ಬಣ್ಣ, ಅಂಚು ಹಲ್ಲುಹಲ್ಲು. ಆದರೆ "ಶನಿವಾರ, ಜುಲೈ 14" ಸಾಲು ಮತ್ತು ಲೋಗೋಗಳು ಬೇರೆ ಥರ, ಕಾಗದದೊಳಗೆ ಒತ್ತಿಕೊಂಡಿವೆ, ಹಿಂದಿನಿಂದ ಮುಟ್ಟಿದರೆ ಉಬ್ಬು ಸಿಗುತ್ತದೆ. ಸುತ್ತ 2 ಸೆಂ.ಮೀ. ಬಿಳಿ ಅಂಚಿದೆ, ಟೇಪ್ ಅದರೊಳಗೇ ಮುಗಿಯುತ್ತದೆ. ನೀರಿನ ಹನಿಗೆ ಕೆಂಪು ಸ್ವಲ್ಪ ಬಂತು, ಬೇರೆ ಬಣ್ಣ ಬರಲಿಲ್ಲ.

ಪರದೆಶಾಯಿ:
ಅಲ್ಲಿಗೆ ಬಟ್ಟೆಯ ಮಾತು ಮುಗಿಯಿತು. ಕೆಂಪು ನೀರಿಗೆ ಬಿಡುತ್ತದೆ. ಆವಿಯ ಟ್ರೇ ಕೂಡ ಹುಷಾರು: ಎರಡು ಗಂಟೆ ಬೇಡ, 40 ನಿಮಿಷಕ್ಕೆ ತೆಗೆದು ನೋಡಿ, ಬ್ಲಾಟರಿಗೆ ಗುಲಾಬಿ ಬಂದರೆ ಅಲ್ಲಿಗೇ ನಿಲ್ಲಿಸಿ. ಸ್ಕ್ರೀನ್‌ನಲ್ಲಿ ಚಿತ್ರ ಹೊಡೆದು, ತಳ ಖಾಲಿ ಬಿಟ್ಟು, ಆಮೇಲೆ ದಿನಾಂಕವನ್ನು ಅಚ್ಚುಮೊಳೆಯಲ್ಲಿ ಒತ್ತಿದ ಪೋಸ್ಟರ್ ಇದು. ಒಂದೇ ಚಿತ್ರ, ಬೇರೆ ಬೇರೆ ವರ್ಷದ ದಿನಾಂಕ ಇರುವ ಪ್ರತಿಗಳು ಇರಬಹುದು.

ಇಸವಿಬೇಟೆ:
ಹಾಗಾದರೆ ನನ್ನ ಆರು ಇಸವಿ ದಿನಾಂಕದ್ದು, ಚಿತ್ರದ್ದಲ್ಲ. ಚಿತ್ರ ಅದಕ್ಕಿಂತ ಹಳೆಯದಿರಬಹುದು. ತಳದ ಅಂಚಿನಲ್ಲಿ ಚಿತ್ರದ ಜೊತೆಗೇ ಸ್ಕ್ರೀನ್‌ನಲ್ಲಿ ಬಂದ ಸಣ್ಣಕ್ಷರ ಏನಾದರೂ ಇದೆಯೇ ನೋಡಿ, ಮುದ್ರಕರ ಹೆಸರೋ ಕಲಾವಿದರ ಸಹಿಯೋ. ದಿನಾಂಕದ ಸಾಲು ತೀರಾ ಹೊಸದಾಗಿ ಕಂಡರೆ ಖಾಲಿ ಉಳಿದ ಪ್ರತಿಗೆ ಆಮೇಲೆ ಯಾರೋ ಒತ್ತಿದ್ದೂ ಇರಬಹುದು. ಟೇಪ್ ಕಲೆ ಒತ್ತಿದ ಅಕ್ಷರದ ಮೇಲೆ ಹರಿದಿದೆಯೋ, ಅಕ್ಷರ ಕಲೆಯ ಮೇಲೆ ಕೂತಿದೆಯೋ, ಅದನ್ನು ಲೂಪ್ ಇಟ್ಟು ನೋಡದೆ ಟೇಪಿಗೆ ಕೈ ಹಾಕಬೇಡಿ.

ಅಂಟುನಂಟು:
ಟೇಪ್ ಬಿಳಿ ಅಂಚಿನೊಳಗೇ ಇದೆ ಅಂತ ಈಗಷ್ಟೇ ಹೇಳಿದರಲ್ಲ, ಅಕ್ಷರದ ಮೇಲೆ ಹೇಗೆ ಹರಿಯುತ್ತದೆ?

ಇಸವಿಬೇಟೆ:
ಪ್ಲಾಸ್ಟಿಕ್ ಅಂಚಿನೊಳಗೆ ಮುಗಿದಿರಬಹುದು, ಜಿನುಗಿದ ಎಣ್ಣೆ ಅಲ್ಲೇ ನಿಲ್ಲುತ್ತದೆ ಅಂತ ಯಾರು ಹೇಳಿದರು? "ಕಾಗದದೊಳಗೆ ಇಳಿಯುತ್ತದೆ" ಅಂತ ಮೇಲೆ ಬರೆದವರು ನೀವೇ. ತಳದ ಎರಡು ಮೂಲೆ ಬೆನ್ನಿನಿಂದ ಬೆಳಕು ಬಿಟ್ಟು ನೋಡಲಿ, ಪಾರದರ್ಶಕವಾದ ಕಡೆ ಎಲ್ಲಿಯವರೆಗೆ ಹೋಗಿದೆ ಗೊತ್ತಾಗುತ್ತದೆ.

ಬಟ್ಟೆಬೆನ್ನು:
ಕೆಂಪು "ಸ್ವಲ್ಪ" ಬಂತು ಅಂದರೆ ಎಷ್ಟು? ಮೇಲೆ ಕೂತ ಸಡಿಲ ಪುಡಿ ಮೊದಲ ಹನಿಗೆ ಬರುವುದು ಇದ್ದದ್ದೇ. ಇನ್ನೊಂದು ಜಾಗದಲ್ಲಿ ಮತ್ತೆ ಹಾಕಿ ನೋಡಿ.

ಪರದೆಶಾಯಿ:
ಹಾಕಬೇಡಿ. ಮೊದಲೇ ಮಂಕಾದ ಕೆಂಪು ಅದು.